ಕಣ್ಣಿನ ಸೋಮಾರಿತನವೂ ಕೆಂಪು ಅಂಕಿಗಳೂ

ಕಿರಾಣಿ ಅಂಗಡಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿಯ ಮುಂದೆ ನಿಂತಿದ್ದೀರಿ ಎನ್ನಿ. ತೊಗರಿಬೇಳೆಯ ಪೊಟ್ಟಣ ತಟ್ಟೆಯ ಮೇಲೆ ಕೂತಿದೆ, ಎದುರಿಗೆ 1.485 ಎಂಬ ಕೆಂಪು ಅಂಕಿಗಳು ನಿಚ್ಚಳವಾಗಿ ಉರಿಯುತ್ತಿವೆ. ಜೇಬಿನಿಂದ ಮೊಬೈಲ್ ತೆಗೆದು, ಬೆಳಕು ಚೆನ್ನಾಗಿರುವ ಹೊತ್ತಿನಲ್ಲಿ, ಆ ಅಂಕಿಗಳದೊಂದು ಫೋಟೊ ತೆಗೆದು ನೋಡಿ. ಎಷ್ಟೋ ತಕ್ಕಡಿಗಳ ಫೋಟೊದಲ್ಲಿ ಎರಡು ಅಂಕಿಗಳು ಮೂಡಿರುತ್ತವೆ, ಮೂರನೆಯದು ಅರ್ಧ ಮಾಸಿರುತ್ತದೆ, ನಾಲ್ಕನೆಯದು ನಾಪತ್ತೆ. ಇನ್ನೊಂದು ಫೋಟೊ ತೆಗೆದರೆ ನಾಪತ್ತೆಯಾದದ್ದು ಬಂದಿರುತ್ತದೆ, ಇದ್ದದ್ದು ಹೋಗಿರುತ್ತದೆ. ಫೋನು ಕೆಟ್ಟಿಲ್ಲ, ತಕ್ಕಡಿಯೂ ಕೆಟ್ಟಿಲ್ಲ. ಆ ನಾಲ್ಕು ಅಂಕಿಗಳು ಯಾವ ಕ್ಷಣದಲ್ಲೂ ಒಟ್ಟಿಗೆ ಉರಿಯುತ್ತಿರಲಿಲ್ಲ ಎಂಬುದೇ ನಿಜ. ಒಂದು ಹತ್ತಿ ಆರಿದ ಮೇಲೆ ಇನ್ನೊಂದು, ಅದು ಆರಿದ ಮೇಲೆ ಮತ್ತೊಂದು, ಹೀಗೆ ಸೆಕೆಂಡಿಗೆ ನೂರಾರು ಸುತ್ತು ನಡೆಯುತ್ತಿತ್ತು. ಅವನ್ನು ಕೂಡಿಸಿ ಒಂದು ತೂಕವಾಗಿ ಓದುತ್ತಿದ್ದದ್ದು ನಿಮ್ಮ ಕಣ್ಣು.

ಆಟೋರಿಕ್ಷಾದ ಮೀಟರು, ಟೋಕನ್ ಸಂಖ್ಯೆ ತೋರಿಸುವ ಹಲಗೆ, ಹಾಲಿನ ಡೈರಿಯ ತೂಕದ ಯಂತ್ರ, ಮನೆಯ ಸ್ಟೆಬಿಲೈಸರ್, ಗೋಡೆಯ ಮೇಲಿನ ಡಿಜಿಟಲ್ ಗಡಿಯಾರ, ಇವುಗಳಲ್ಲಿ ಬಹುಪಾಲು ಇದೇ ಹೂಟದಿಂದ ನಡೆಯುತ್ತವೆ. ಹೂಟಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಮಲ್ಟಿಪ್ಲೆಕ್ಸಿಂಗ್. ಅದನ್ನು ಬೇಸರವಿಲ್ಲದೆ ನಡೆಸುವ ಪುಟ್ಟ ಚಿಪ್ಪಿಗೆ ಡ್ರೈವರ್ ಎಂದು ಹೆಸರು. ನಾವು ಹಣ ಎಣಿಸಿ ಕೊಡುವುದು ಈ ಅಂಕಿಗಳನ್ನು ನಂಬಿ. ಆದ್ದರಿಂದ ಅವು ಎಲ್ಲಿಂದ ಬಂದವು, ಎಲ್ಲಿ ಕೈಕೊಡುತ್ತವೆ ಎಂದು ತಿಳಿದುಕೊಳ್ಳುವುದು ಬರಿಯ ಕುತೂಹಲದ ಮಾತಲ್ಲ.

ಕಣ್ಣು ಮೋಸಹೋಗುತ್ತದೆ ಎಂಬುದು ಮನುಷ್ಯನಿಗೆ ಬಹು ಹಿಂದೆಯೇ ಗೊತ್ತಿತ್ತು. ಒಲೆಯಿಂದ ತೆಗೆದ ಕೊಳ್ಳಿಯನ್ನು ಕತ್ತಲಲ್ಲಿ ಗಿರ್ರನೆ ತಿರುಗಿಸಿದರೆ ಬೆಂಕಿಯ ಬಳೆ ಕಾಣುತ್ತದೆ. ದೀಪಾವಳಿಯಲ್ಲಿ ಸುರುಸುರು ಬತ್ತಿ ಹಿಡಿದ ಯಾವ ಮಗುವಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ತತ್ತ್ವಶಾಸ್ತ್ರದಲ್ಲಿ ಇದಕ್ಕೆ ಅಲಾತಚಕ್ರ ಎಂದು ಹೆಸರೇ ಇದೆ. ಅಲಾತ ಎಂದರೆ ಕೊಳ್ಳಿ. ಶಂಕರರ ಪರಮಗುರು ಎಂದು ಸಂಪ್ರದಾಯ ಹೇಳುವ ಗೌಡಪಾದರ ಮಾಂಡೂಕ್ಯ ಕಾರಿಕೆಯ ನಾಲ್ಕನೆಯ ಪ್ರಕರಣದ ಹೆಸರು ಅಲಾತಶಾಂತಿ. ಅವರಿಗೆ ಬೇಕಾಗಿದ್ದದ್ದು ಜಗತ್ತು ಎಷ್ಟು ನಿಜ ಎಂಬ ದೊಡ್ಡ ಪ್ರಶ್ನೆ. ಎಂಜಿನಿಯರುಗಳಿಗೆ ಬೇಕಾಗಿದ್ದದ್ದು ತಾಮ್ರದ ತಂತಿಯ ಉಳಿತಾಯ. ಇಬ್ಬರೂ ಹಿಡಿದದ್ದು ಒಂದೇ ಕೊಳ್ಳಿಯನ್ನು.

ಯುರೋಪಿನಲ್ಲಿ ಇದು ಅಳತೆಯ ವಿಷಯವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಪೀಟರ್ ಮಾರ್ಕ್ ರೋಜೆ ಎಂಬ ಇಂಗ್ಲಿಷ್ ವೈದ್ಯರು 1824ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧ ಇಟ್ಟರು. ಸಾಲುಗಂಬಿಗಳ ಸಂದಿನಿಂದ ನೋಡಿದಾಗ ಉರುಳುವ ಗಾಡಿಯ ಚಕ್ರದ ಅರೆಕಾಲುಗಳು ಬಾಗಿದಂತೆ ಏಕೆ ಕಾಣುತ್ತವೆ ಎಂಬುದು ಅದರ ವಿಷಯ. ಇಂಗ್ಲಿಷಿನ ಪ್ರಸಿದ್ಧ ಸಮಾನಾರ್ಥಕ ಪದಕೋಶವನ್ನು 1852ರಲ್ಲಿ ಹೊರತಂದವರೂ ಇವರೇ. ಅಲ್ಲಿಂದ ಹತ್ತು ವರ್ಷದೊಳಗೆ, ಛಾಯಾಗ್ರಹಣದ ಜನಕರಲ್ಲಿ ಒಬ್ಬರಾದ ಫಾಕ್ಸ್ ಟಾಲ್ಬಟ್ ಮತ್ತು ಬೆಲ್ಜಿಯಂನ ಜೋಸೆಫ್ ಪ್ಲಾಟೊ ನಮ್ಮ ಕಥೆಗೆ ನಿಜವಾಗಿ ಬೇಕಾದ ನಿಯಮವನ್ನು ಕಂಡರು. ದೀಪ ಸಾಕಷ್ಟು ವೇಗವಾಗಿ ಹತ್ತಿ ಆರುತ್ತಿದ್ದರೆ ಕಣ್ಣಿಗೆ ಮಿನುಗು ಕಾಣುವುದಿಲ್ಲ. ಉರಿದ ಹೊತ್ತಿನ ಬೆಳಕನ್ನು ಇಡೀ ಹೊತ್ತಿಗೆ ಹಂಚಿದರೆ ಎಷ್ಟಾಗುತ್ತದೋ ಅಷ್ಟೇ ಹೊಳಪು ಕಾಣುತ್ತದೆ. ಕಾಲು ಭಾಗ ಉರಿದ ದೀಪ ಕಾಲು ಹೊಳಪಿನದಾಗಿ ಕಾಣುತ್ತದೆ. ಕಣ್ಣು ಹೀಗೆ ಸರಾಸರಿಯ ಲೆಕ್ಕ ಹಾಕುವ ಗುಮಾಸ್ತ. ಇದನ್ನು ಕಂಡುಹಿಡಿದ ಪ್ಲಾಟೊ ಮುಂದೆ ತಾವೇ ದೃಷ್ಟಿ ಕಳೆದುಕೊಂಡರು, ಆದರೂ ಸಂಶೋಧನೆ ಬಿಡಲಿಲ್ಲ.

ಇನ್ನು ಅಂಕಿಯ ಆಕಾರ. ಬೆಂಕಿಕಡ್ಡಿಯ ಪೆಟ್ಟಿಗೆಯಿಂದ ಏಳು ಕಡ್ಡಿ ತೆಗೆದು ಎಂಟನೆಯ ಅಂಕಿಯನ್ನು ಇಂಗ್ಲಿಷ್ ಬರಹದ ರೀತಿಯಲ್ಲಿ ಚೌಕಾಕಾರವಾಗಿ ಜೋಡಿಸಿ. ಅದರಲ್ಲಿ ಕೆಲವು ಕಡ್ಡಿಗಳನ್ನು ತೆಗೆಯುತ್ತ ಹೋದರೆ ಸೊನ್ನೆಯಿಂದ ಒಂಬತ್ತರವರೆಗಿನ ಎಲ್ಲ ಅಂಕಿಗಳೂ ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಹುಟ್ಟುವ ಮೊದಲೇ ಈ ವಿಚಾರ ಇತ್ತು. ಅಮೆರಿಕದಲ್ಲಿ ಫ್ರಾಂಕ್ ವುಡ್ ಎಂಬಾತ ವಿದ್ಯುದ್ದೀಪಗಳಿಂದ ಅಂಕಿ ತೋರಿಸುವ ಉಪಾಯಕ್ಕೆ 1910ರಲ್ಲಿ ಪೇಟೆಂಟ್ ಪಡೆದ. ಆತನದು ಏಳಲ್ಲ, ಎಂಟು ಕಡ್ಡಿ. ನಾಲ್ಕನ್ನು ಓರೆಗೆರೆಯಿಂದ ಚಂದವಾಗಿ ಬರೆಯಲೆಂದು ಒಂದು ಹೆಚ್ಚುವರಿ. ಕಾಲ ಆ ಚಂದವನ್ನು ಉಳಿಸಲಿಲ್ಲ. ಒಂದು ಕಡ್ಡಿ ಕಡಿಮೆಯಾದರೆ ಒಂದು ತಂತಿ ಕಡಿಮೆ. ಕನ್ನಡದ ಅಂಕಿಗಳ ದುಂಡಗಿನ ಒನಪು ಈ ಏಳು ನೇರಗಡ್ಡಿಗಳಿಗೆ ಬಗ್ಗುವಂಥದ್ದಲ್ಲ. ೨ಕ್ಕೂ ೩ಕ್ಕೂ ಅದರಲ್ಲಿ ಜಾಗವಿಲ್ಲ. ನಮ್ಮ ತಕ್ಕಡಿ, ಮೀಟರುಗಳಲ್ಲಿ ಕನ್ನಡದ ಅಂಕಿ ಕಾಣಿಸದೆ ಹೋಗುವುದರಲ್ಲಿ ಈ ಕಡ್ಡಿಗಳದೂ ಒಂದು ಪಾಲಿದೆ.

ಬಲ್ಬುಗಳಿಂದ ಅಂಕಿ ಬರೆಯಬಹುದಿತ್ತು ನಿಜ, ಆದರೆ ಅವುಗಳನ್ನು ಸರದಿಯಲ್ಲಿ ಉರಿಸುವುದು ಕಷ್ಟ. ಬಲ್ಬಿನ ತಂತು ಕಾಯಬೇಕು, ತಣಿಯಬೇಕು. ಅದರದು ಎತ್ತಿನ ಗಾಡಿಯ ವೇಗ. ಬೇಕಾಗಿದ್ದದ್ದು ತಟ್ಟನೆ ಹತ್ತಿ ತಟ್ಟನೆ ಆರುವ ದೀಪ. ಅದು ಬಂದದ್ದು ಹರಳುಗಳಿಂದ. ಮಾರ್ಕೋನಿ ಕಂಪೆನಿಯಲ್ಲಿದ್ದ ಹೆನ್ರಿ ರೌಂಡ್ 1907ರಲ್ಲೇ ಕಾರ್ಬೊರಂಡಂ ಹರಳಿಗೆ ವಿದ್ಯುತ್ ಹಾಯಿಸಿದಾಗ ಅದು ಮಿನುಗುವುದನ್ನು ಕಂಡು ಪತ್ರಿಕೆಯೊಂದಕ್ಕೆ ಪುಟ್ಟ ಟಿಪ್ಪಣಿ ಬರೆದಿದ್ದರು. ರಷ್ಯದ ಓಲೆಗ್ ಲೋಸೆವ್ 1920ರ ದಶಕದಲ್ಲಿ ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. 1942ರಲ್ಲಿ ಲೆನಿನ್‌ಗ್ರಾಡ್ ಮುತ್ತಿಗೆಯ ಕಾಲದಲ್ಲಿ ತೀರಿಹೋದರು. ಕಣ್ಣಿಗೆ ಕಾಣುವ ಕೆಂಪು ಬೆಳಕಿನ, ಬಳಕೆಗೆ ಒದಗುವಂಥ ಡಯೋಡನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿ ನಿಕ್ ಹೊಲೊನ್ಯಾಕ್ ಮಾಡಿ ತೋರಿಸಿದ್ದು 1962ರಲ್ಲಿ. ಅದೇ ಎಲ್‌ಇಡಿ.

ಎಲ್‌ಇಡಿಗೆ ಎರಡು ಗುಣಗಳಿವೆ, ಎರಡೂ ನಮ್ಮ ಹೂಟಕ್ಕೆ ಹೇಳಿಮಾಡಿಸಿದಂಥವು. ಒಂದು, ಅದು ಮೈಕ್ರೋಸೆಕೆಂಡಿಗೂ ಕಡಿಮೆ ಹೊತ್ತಿನಲ್ಲಿ ಹತ್ತಿ ಆರಬಲ್ಲದು. ಎರಡನೆಯದು, ಅದು ಡಯೋಡ್. ವಿದ್ಯುತ್ತನ್ನು ಒಂದೇ ದಿಕ್ಕಿನಲ್ಲಿ ಬಿಡುತ್ತದೆ. ಅಡ್ಡ ತಂತಿ, ಉದ್ದ ತಂತಿಗಳ ಜಾಲದಲ್ಲಿ ಬಲ್ಬುಗಳನ್ನು ಕಟ್ಟಿದರೆ ವಿದ್ಯುತ್ತು ಅಡ್ಡದಾರಿ ಹಿಡಿದು ಬೇಡದ ಬಲ್ಬುಗಳನ್ನೂ ಮಸುಕಾಗಿ ಉರಿಸುತ್ತದೆ. ಎಲ್‌ಇಡಿಯ ಜಾಲದಲ್ಲಿ ಆ ಕಳ್ಳದಾರಿ ತಾನಾಗಿ ಮುಚ್ಚಿರುತ್ತದೆ.

ಈಗ ತಂತಿಯ ಲೆಕ್ಕಕ್ಕೆ ಬರೋಣ. ಒಂದು ಅಂಕಿಗೆ ಏಳು ಕಡ್ಡಿ, ಜೊತೆಗೊಂದು ದಶಮಾಂಶದ ಚುಕ್ಕೆ. ಒಟ್ಟು ಎಂಟು ದೀಪ. ಎಂಟು ಅಂಕಿಗಳ ಸಾಲಿಗೆ 64 ದೀಪ. ಪ್ರತಿಯೊಂದಕ್ಕೂ ಬೇರೆ ತಂತಿ ಎಳೆದರೆ 64 ತಂತಿ, ಅವನ್ನು ಹಿಡಿಯಲು ಚಿಪ್ಪಿಗೆ 64 ಕಾಲು. ಚಿಪ್ಪಿನೊಳಗೆ ಸಾವಿರ ಟ್ರಾನ್ಸಿಸ್ಟರು ಕೂರಿಸುವುದಕ್ಕಿಂತ ಹೊರಗೆ ಒಂದು ಕಾಲು ಹೆಚ್ಚಿಸುವುದೇ ದುಬಾರಿಯಾಗಿದ್ದ ಕಾಲ ಅದು. ಆದ್ದರಿಂದ ಎಲ್ಲ ಅಂಕಿಗಳ ತಲೆಯ ಕಡ್ಡಿಗಳನ್ನು ಒಂದು ತಂತಿಗೆ, ಎಲ್ಲ ನಡುಗಡ್ಡಿಗಳನ್ನು ಇನ್ನೊಂದು ತಂತಿಗೆ, ಹೀಗೆ ಕಟ್ಟಿದರು. ಕಡ್ಡಿಗಳಿಗೆ ಎಂಟು ತಂತಿ ಆಯಿತು. ಮೇಲೆ ಒಂದೊಂದು ಅಂಕಿಯ ಮನೆಗೂ ಒಂದು ಬಾಗಿಲ ತಂತಿ, ಅವು ಎಂಟು. ಒಟ್ಟು 16 ತಂತಿ ಸಾಕು. ಮೊದಲ ಮನೆಯ ಬಾಗಿಲು ತೆರೆದು ಅದರ ಅಂಕಿಗೆ ಬೇಕಾದ ಕಡ್ಡಿಗಳಿಗೆ ವಿದ್ಯುತ್ತು ಬಿಡುವುದು. ಆ ಬಾಗಿಲು ಮುಚ್ಚಿ ಎರಡನೆಯದನ್ನು ತೆರೆಯುವುದು. ಎಂಟು ಮುಗಿದ ಮೇಲೆ ಮತ್ತೆ ಮೊದಲಿನಿಂದ.

ಮದುವೆಯ ಊಟದ ಪಂಕ್ತಿಯನ್ನು ನೆನೆಯಿರಿ. ಎಂಟು ಎಲೆ, ಬಡಿಸುವವ ಒಬ್ಬನೇ. ಒಬ್ಬರ ಎಲೆಗೆ ಸಾರು ಬಡಿಸಿ ಹೋದವನು ಮತ್ತೆ ಬರುವುದು ಉಳಿದ ಏಳು ಜನರಿಗೆ ಬಡಿಸಿದ ಮೇಲೆ. ಯಾರಿಗೂ ಕಡಿಮೆಯಾಗಬಾರದೆಂದರೆ ಬಂದಾಗ ಧಾರಾಳವಾಗಿ ಬಡಿಸಬೇಕು. ಇಲ್ಲಿಯೂ ಅಷ್ಟೆ: ಎಂಟನೆಯ ಒಂದು ಪಾಲು ಹೊತ್ತು ಮಾತ್ರ ಉರಿಯುವ ಕಡ್ಡಿಗೆ, ಉರಿಯುವಾಗ ಎಂಟು ಪಟ್ಟು ವಿದ್ಯುತ್ತು ಕೊಟ್ಟರೆ, ಟಾಲ್ಬಟ್-ಪ್ಲಾಟೊ ನಿಯಮದ ಪ್ರಕಾರ ಕಣ್ಣಿಗೆ ಕೊರತೆ ಕಾಣುವುದಿಲ್ಲ. 5 ಮಿಲಿಆಂಪಿಯರ್ ಸಾಕಾಗುವ ಕಡೆ ಕ್ಷಣಮಾತ್ರ 40 ಮಿಲಿಆಂಪಿಯರ್.

ಈ ಹೂಟ ಜನರ ಕೈಗೆ ಬಂದದ್ದು ಕಿಸೆಯ ಕ್ಯಾಲ್ಕುಲೇಟರುಗಳ ಮೂಲಕ. 1971ರಲ್ಲಿ ಜಪಾನಿನ ಬಿಸಿಕಾಮ್ ಕಂಪೆನಿ ಎಲ್‌ಇಡಿ ಅಂಕಿಗಳ ಪುಟ್ಟ ಕ್ಯಾಲ್ಕುಲೇಟರನ್ನು ಮಾರುಕಟ್ಟೆಗೆ ಬಿಟ್ಟಿತು. ಮರುವರ್ಷ, 1972ರಲ್ಲಿ, ಅಮೆರಿಕದ ಹ್ಯೂಲೆಟ್-ಪ್ಯಾಕರ್ಡ್ ಕಂಪೆನಿಯ ಎಚ್‌ಪಿ-35 ಬಂತು. ಸೈನು, ಲಾಗರಿತಮ್ ಎಲ್ಲವನ್ನೂ ಲೆಕ್ಕ ಹಾಕುವ, ಅಂಗಿಯ ಜೇಬಿನಲ್ಲಿ ಹಿಡಿಸುವ ಮೊದಲ ಯಂತ್ರ ಅದು. ಬೆಲೆ 395 ಡಾಲರ್. ಇಷ್ಟು ದುಬಾರಿ ಯಂತ್ರವನ್ನು ಯಾರು ಕೊಳ್ಳುತ್ತಾರೆ ಎಂದು ಮಾರುಕಟ್ಟೆ ಬಲ್ಲವರು ಕೈಚೆಲ್ಲಿದ್ದರು. ಕಂಪೆನಿಯ ಯಜಮಾನ ಬಿಲ್ ಹ್ಯೂಲೆಟ್ ಹಟ ಬಿಡಲಿಲ್ಲ. ಮೊದಲ ವರ್ಷವೇ ಒಂದು ಲಕ್ಷ ಖರ್ಚಾಯಿತು. ಎಂಜಿನಿಯರುಗಳ ಸೊಂಟದಲ್ಲಿ ತೂಗುತ್ತಿದ್ದ ಸ್ಲೈಡ್ ರೂಲ್ ಕೆಲವೇ ವರ್ಷಗಳಲ್ಲಿ ಮ್ಯೂಸಿಯಂ ಸೇರಿತು.

ಎಚ್‌ಪಿ-35ರ ಅಂಕಿಗಳ ಸಾಲಿನಲ್ಲಿ ಹದಿನೈದು ಮನೆ. ಮನೆಗೆ ಎಂಟರಂತೆ 120 ದೀಪ. ಸೆಲ್ಲುಗಳು ಮೂರೇ ಮೂರು. ಅವನ್ನು ಜಿಪುಣತನದಿಂದ ಬಳಸಲು ಅದರ ವಿನ್ಯಾಸಕಾರರು ಮಲ್ಟಿಪ್ಲೆಕ್ಸಿಂಗನ್ನು ತುತ್ತತುದಿಗೆ ಒಯ್ದರು. ಒಂದು ಹೊತ್ತಿಗೆ ಒಂದು ಅಂಕಿಯೂ ಅಲ್ಲ, ಒಂದು ಅಂಕಿಯ ಒಂದೇ ಕಡ್ಡಿ. ಸೆಲ್ಲಿನ ಶಕ್ತಿಯನ್ನು ಪುಟ್ಟ ತಂತಿಸುರುಳಿಯಲ್ಲಿ ಕೂಡಿಟ್ಟು ಒಮ್ಮೆಗೇ ಎಲ್‌ಇಡಿಗೆ ಸುರಿಯುತ್ತಿದ್ದರು. ಅಂದಿನ ಕೆಂಪು ಎಲ್‌ಇಡಿಗಳು ಸಣ್ಣ ಧಾರೆಗಿಂತ ದೊಡ್ಡ ಹೊಡೆತಕ್ಕೆ ಹೆಚ್ಚು ಬೆಳಕು ಕೊಡುತ್ತಿದ್ದದ್ದು ಇದಕ್ಕೆ ಅನುಕೂಲವಾಯಿತು. ಅಂಕಿಗಳೋ ಸಾಸಿವೆಯಷ್ಟು ಸಣ್ಣವು. ಅವುಗಳ ಮೇಲೆ ಪ್ಲಾಸ್ಟಿಕ್ಕಿನ ಉಬ್ಬು ಮಸೂರಗಳನ್ನು ಕೂರಿಸಿ ದೊಡ್ಡದಾಗಿ ಕಾಣಿಸಿದರು. ಕತ್ತಲಕೋಣೆಯಲ್ಲಿ ಕೂತು ಲೆಕ್ಕ ಹಾಕಿದ ಎಂಜಿನಿಯರನ ಎದುರು, ವಾಸ್ತವವಾಗಿ, ಯಾವ ಗಳಿಗೆಯಲ್ಲೂ ಒಂದು ಪುಟ್ಟ ಕೆಂಪು ಗೆರೆಗಿಂತ ಹೆಚ್ಚಿನದು ಉರಿಯುತ್ತಿರಲಿಲ್ಲ.

ಇಲ್ಲೊಂದು ಮಾತು. ಬಿಟ್ಟು ಬಿಟ್ಟು ಉರಿಸಿದರೆ ಕಣ್ಣು ಹೊಡೆತದ ಹೊಳಪನ್ನೇ ಹಿಡಿಯುತ್ತದೆ, ಆದ್ದರಿಂದ ಸರಾಸರಿಗಿಂತ ಹೆಚ್ಚು ಬೆಳಕು ಕಾಣುತ್ತದೆ ಎಂದು ಎಲೆಕ್ಟ್ರಾನಿಕ್ಸ್ ಹವ್ಯಾಸಿಗಳಲ್ಲಿ ಒಂದು ನಂಬಿಕೆ ಉಂಟು. ಪ್ಲಾಟೊ ಇದನ್ನು ಒಪ್ಪುತ್ತಿರಲಿಲ್ಲ. ಲಾಭ ಆದದ್ದು ಹರಳಿನ ಗುಣದಿಂದ, ಕಣ್ಣಿನ ಧಾರಾಳದಿಂದಲ್ಲ. ಕಣ್ಣು ಸೋಮಾರಿ ಹೌದು, ಲೆಕ್ಕದಲ್ಲಿ ಮಾತ್ರ ಒಂದು ಕಾಸೂ ಬಿಡುವುದಿಲ್ಲ.

ಅದೇ 1972ರಲ್ಲಿ ಹ್ಯಾಮಿಲ್ಟನ್ ಕಂಪೆನಿ ಚಿನ್ನದ ಕವಚದ ಪಲ್ಸಾರ್ ಕೈಗಡಿಯಾರ ತಂದಿತು. ಬೆಲೆ 2,100 ಡಾಲರ್. ಸೆಲ್ಲು ಉಳಿಸಲು ಅದು ಸದಾ ಕತ್ತಲಾಗಿರುತ್ತಿತ್ತು. ಗುಂಡಿ ಒತ್ತಿದರೆ ಮಾತ್ರ ಹೊತ್ತು ಹೇಳುತ್ತಿತ್ತು. ಒಂದು ಕೈಯಲ್ಲಿ ಚೀಲ ಹಿಡಿದವನಿಗೆ ಗಂಟೆ ಎಷ್ಟೆಂದು ತಿಳಿಯುವಂತಿರಲಿಲ್ಲ. ದ್ರವಸ್ಫಟಿಕದ, ಎಂದರೆ ಎಲ್‌ಸಿಡಿಯ, ಗಡಿಯಾರಗಳು ಬಂದ ಮೇಲೆ ಆ ವೈಭವ ಹತ್ತು ವರ್ಷವೂ ಬಾಳಲಿಲ್ಲ. ಆದರೆ ಗೋಡೆ, ಅಂಗಡಿ, ಕಾರ್ಖಾನೆಗಳಲ್ಲಿ, ಎಲ್ಲಿ ಸೆಲ್ಲಿನ ಚಿಂತೆಯಿಲ್ಲವೋ ದೂರದಿಂದ ಕಾಣಬೇಕೋ ಅಲ್ಲಿ, ಕೆಂಪು ಅಂಕಿಗಳು ಬೇರೂರಿದವು.

ಅವುಗಳ ಹಿಂದೆ ಕೆಲಸ ಮಾಡಿದ ಚಿಪ್ಪುಗಳ ವಂಶಾವಳಿ ಉದ್ದದ್ದು. ಲೆಕ್ಕ ಮಾಡುವ ಚಿಪ್ಪಿಗೆ ಬುದ್ಧಿಯಿತ್ತು, ಕಸುವಿರಲಿಲ್ಲ. ಎಲ್‌ಇಡಿಗೆ ಬೇಕಾದಷ್ಟು ವಿದ್ಯುತ್ತನ್ನು ಹೊರುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ನಡುವೆ ಕೂಲಿಯಾಳುಗಳು ಬಂದರು. 75491 ಕಡ್ಡಿಗಳಿಗೆ, 75492 ಮನೆಗಳಿಗೆ. ಮನೆಯ ತಂತಿಯ ಮೇಲಿನ ಹೊರೆ ಹೆಚ್ಚು: ಎಂಟು ಎಂಬ ಅಂಕಿ ಚುಕ್ಕೆಯ ಸಮೇತ ಉರಿದರೆ 40ರಂತೆ ಎಂಟು ದೀಪಗಳ 320 ಮಿಲಿಆಂಪಿಯರ್ ಒಂದೇ ಬಾಗಿಲಲ್ಲಿ ಹಾಯಬೇಕು. ಇನ್ನೊಂದು ಕವಲು ಅನುವಾದಕರದು. 7447 ಎಂಬ ಹಳೆಯ, ಬಹು ಜನಪ್ರಿಯ ಚಿಪ್ಪು, ಯಂತ್ರದ ಎರಡಂಕಿ ಭಾಷೆಯಲ್ಲಿ ಬಂದ ಸಂಖ್ಯೆಯನ್ನು ಏಳು ಕಡ್ಡಿಗಳ ಭಾಷೆಗೆ ತಿರುಗಿಸುತ್ತಿತ್ತು. ಅದರ 6ಕ್ಕೆ ತಲೆಯ ಗೆರೆ ಇಲ್ಲ, 9ಕ್ಕೆ ಪಾದದ ಗೆರೆ ಇಲ್ಲ; ಮುಂದಿನ 74247ರಲ್ಲಿ ಎರಡನ್ನೂ ಸೇರಿಸಿದರು. ತಲೆಯಿಲ್ಲದ 6 ಇಂಗ್ಲಿಷಿನ ಸಣ್ಣ ‘ಬಿ’ ಅಕ್ಷರದ ಹಾಗೇ ಕಾಣುತ್ತದೆ. ಅಕ್ಷರವನ್ನೂ ಅಂಕಿಯಾಗಿ ಬಳಸುವ ಕಂಪ್ಯೂಟರ್ ಮಂದಿಗೆ ಈ ಗೊಂದಲ ಸಣ್ಣದಲ್ಲ.

ಕರ್ನಾಟಕದಲ್ಲಿ ಎಂಜಿನಿಯರಿಂಗ್ ಓದಿದ ಸಾವಿರಾರು ಮಂದಿಗೆ ಈ ಜಗತ್ತಿನ ಪರಿಚಯವಾದದ್ದು ಕಾಲೇಜಿನ ಮೈಕ್ರೋಪ್ರೊಸೆಸರ್ ಪ್ರಯೋಗಾಲಯದಲ್ಲಿ. 8085 ಕಿಟ್ಟು, ಅದರ ನೆತ್ತಿಯ ಮೇಲೆ ಆರು ಕೆಂಪು ಅಂಕಿ; ಮೊದಲ ನಾಲ್ಕು ವಿಳಾಸಕ್ಕೆ, ಕೊನೆಯ ಎರಡು ಮಾಹಿತಿಗೆ. ಅಂಥ ಕಿಟ್ಟುಗಳಲ್ಲಿ ಹೆಚ್ಚಾಗಿ ಇರುತ್ತಿದ್ದ ಡ್ರೈವರ್ ಇಂಟೆಲ್ ಕಂಪೆನಿಯ 8279. ನಲವತ್ತು ಕಾಲಿನ ಆ ಚಿಪ್ಪು ಹದಿನಾರು ಅಂಕಿಗಳವರೆಗೆ ಸುತ್ತು ಹೊಡೆಯಬಲ್ಲದು. ಅದೇ ಸುತ್ತಿನಲ್ಲಿ ಯಾವ ಗುಂಡಿಯನ್ನು ಯಾರಾದರೂ ಒತ್ತಿದರೋ ಎಂದೂ ನೋಡಿಕೊಂಡು ಬರುತ್ತದೆ. ರಾತ್ರಿ ಗಸ್ತು ತಿರುಗುವವ ದೀಪ ಹಚ್ಚುತ್ತಲೇ ಬಾಗಿಲ ಚಿಲಕವನ್ನೂ ನೋಡಿದ ಹಾಗೆ. ಸೊನ್ನೆಗೆ 3ಎಫ್, ಒಂದಕ್ಕೆ 06, ಎರಡಕ್ಕೆ 5ಬಿ, ಮೂರಕ್ಕೆ 4ಎಫ್ ಎಂಬ ಸಂಕೇತಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದವರು ಈಗಲೂ ಸಿಗುತ್ತಾರೆ. ಯಾವ ಕಡ್ಡಿ ಉರಿಯಬೇಕು, ಯಾವುದು ಆರಿರಬೇಕು ಎಂಬ ಪಟ್ಟಿಯೇ ಆ ಸಂಕೇತ. ‘ಫೈರ್’ ಮತ್ತು ‘ಹೆಲ್ಪ್’ ಎಂಬ ಇಂಗ್ಲಿಷ್ ಪದಗಳನ್ನು ಒಂದಾದ ಮೇಲೊಂದು ಮಿನುಗಿಸುವುದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪ್ರಯೋಗಪಟ್ಟಿಯಲ್ಲಿ ಬಹುಕಾಲ ಇದ್ದ ಪ್ರಯೋಗ. ಪರೀಕ್ಷೆಯ ದಿನ ಅಂಕಿಗಳು ಹೊತ್ತದೆ ಹೋದಾಗ ಆ ಎರಡನೆಯ ಪದದ ಅರ್ಥ ಚೆನ್ನಾಗಿ ಮನದಟ್ಟಾಗುತ್ತಿತ್ತು.

ಈಚಿನ ಚಿಪ್ಪುಗಳಲ್ಲಿ ಮ್ಯಾಕ್ಸಿಮ್ ಕಂಪೆನಿಯ ಮ್ಯಾಕ್ಸ್ 7219 ಹವ್ಯಾಸಿಗಳಿಗೂ ಕಾರ್ಖಾನೆಗಳಿಗೂ ಚಿರಪರಿಚಿತ. ಅದಕ್ಕೆ ಮಾತು ಮುಟ್ಟಿಸಲು ಮೂರೇ ತಂತಿ ಸಾಕು. ‘ಐದನೆಯ ಮನೆಯಲ್ಲಿ ಏಳು’ ಎಂದು ಹೇಳಿಬಿಟ್ಟರೆ ಅದು ತನ್ನ ಸ್ಮರಣೆಯಲ್ಲಿ ಬರೆದಿಟ್ಟುಕೊಳ್ಳುತ್ತದೆ, ಮತ್ತೆ ಹೇಳಬೇಕಾಗಿಲ್ಲ. ಸೆಕೆಂಡಿಗೆ ಸುಮಾರು 800 ಸುತ್ತು, ಸುತ್ತಿಗೆ ಎಂಟು ಮನೆ; ಒಂದೊಂದು ಮನೆಗೆ ಸಿಗುವುದು ಸೆಕೆಂಡಿನ 6,400ನೆಯ ಒಂದು ಪಾಲು. ಎಲ್ಲ ಕಡ್ಡಿಗಳ ವಿದ್ಯುತ್ತನ್ನು ನಿಗದಿ ಮಾಡಲು ಹೊರಗೆ ಒಂದೇ ಒಂದು ರೆಸಿಸ್ಟರ್. ಹೊಳಪಿಗೆ ಹದಿನಾರು ಮೆಟ್ಟಿಲುಗಳಿವೆ. ಕಡಿಮೆ ಹೊಳಪು ಬೇಕೆಂದರೆ ದೀಪವನ್ನು ಸಣ್ಣದು ಮಾಡುವುದಿಲ್ಲ, ಮನೆಯಲ್ಲಿ ನಿಲ್ಲುವ ಹೊತ್ತನ್ನು ಸಣ್ಣದು ಮಾಡುತ್ತದೆ. ಅಂಕಿಗಳ ಜೊತೆಗೆ ಅದಕ್ಕೆ ಹುಟ್ಟಾ ಗೊತ್ತಿರುವ ಅಕ್ಷರಗಳು ನಾಲ್ಕೇ: ಎಚ್, ಇ, ಎಲ್, ಪಿ. ಕೂಡಿಸಿ ಓದಿ, ನಮ್ಮ ವಿದ್ಯಾರ್ಥಿಗಳ ಅದೇ ಪದ.

ಇಂಥ ಚಿಪ್ಪಿನ ಜಾಣತನ ಇರುವುದು ಅದು ಉರಿಸುವುದರಲ್ಲಿ ಅಲ್ಲ, ಆರಿಸುವುದರಲ್ಲಿ. ಒಂದು ಮನೆಯಿಂದ ಇನ್ನೊಂದಕ್ಕೆ ದಾಟುವಾಗ ಹಳೆಯ ಅಂಕಿಯ ಕಡ್ಡಿಗಳು ಇನ್ನೂ ಪೂರ್ತಿ ಆರಿರದಿದ್ದರೆ, ಪಕ್ಕದ ಮನೆಯಲ್ಲಿ ಅದರ ಮಸುಕು ನೆರಳು ಮೂಡುತ್ತದೆ. ಎಂಜಿನಿಯರುಗಳು ಇದಕ್ಕೆ ಭೂತ ಎಂದೇ ಹೆಸರಿಟ್ಟಿದ್ದಾರೆ. ಅದನ್ನು ಬಿಡಿಸಲು ಚಿಪ್ಪು ಪ್ರತಿ ದಾಟಿನಲ್ಲೂ ಒಂದು ರೆಪ್ಪೆ ಹೊಡೆತದ ಕತ್ತಲೆ ಇಡುತ್ತದೆ. ಪೂರ್ತಿ ಹೊಳಪಿನಲ್ಲೂ ಮನೆಗೆ ಸಿಗುವುದು ತನ್ನ ಹೊತ್ತಿನ 32ರಲ್ಲಿ 31 ಪಾಲು. ಇನ್ನೊಂದು ಅಪಾಯವಿದೆ. ಸುತ್ತು ತಿರುಗಿಸುವ ಕೆಲಸವನ್ನು ಚಿಪ್ಪಿಗೆ ಬಿಡದೆ ಕಂಪ್ಯೂಟರ್ ಪ್ರೋಗ್ರಾಮಿಗೇ ಒಪ್ಪಿಸಿದಾಗ, ಪ್ರೋಗ್ರಾಮು ನಡುವೆ ನಿಂತುಹೋದರೆ ಒಂದೇ ಮನೆ ಬಿಡದೆ ಉರಿಯುತ್ತದೆ. ಕ್ಷಣಮಾತ್ರಕ್ಕೆಂದು ಕೊಟ್ಟ ಎಂಟು ಪಟ್ಟು ವಿದ್ಯುತ್ತು ಅದನ್ನು ಸುಟ್ಟೇಬಿಡಬಹುದು.

ಮಲ್ಟಿಪ್ಲೆಕ್ಸಿಂಗನ್ನು ಮನೆಯಲ್ಲೇ ಬಯಲಿಗೆಳೆಯಬೇಕೆಂದರೆ ಚಕ್ಕುಲಿ ಬೇಕು. ಕತ್ತಲ ಕೋಣೆಯಲ್ಲಿ ಹಳೆಯ ಎಲ್‌ಇಡಿ ಗಡಿಯಾರವನ್ನು ದೂರದಿಂದ ನೋಡುತ್ತ ಗಟ್ಟಿ ಚಕ್ಕುಲಿಯೊಂದನ್ನು ಕಟಕಟ ಅಗಿಯಿರಿ. ಸುತ್ತು ನಿಧಾನದ್ದಾಗಿದ್ದರೆ ಅಂಕಿಗಳು ಕುಣಿದಂತೆ, ಒಂದು ಮೇಲೆ ಒಂದು ಕೆಳಗೆ ಜಾರಿದಂತೆ ಕಾಣುತ್ತವೆ. ಅಗಿಯುವಾಗ ತಲೆಬುರುಡೆ ಅದುರುತ್ತದೆ, ಕಣ್ಣೂ ಅದುರುತ್ತದೆ. ಬೇರೆ ಬೇರೆ ಗಳಿಗೆಯಲ್ಲಿ ಹತ್ತಿದ ಅಂಕಿಗಳು ಕಣ್ಣಿನ ಬೇರೆ ಬೇರೆ ಜಾಗದಲ್ಲಿ ಬೀಳುತ್ತವೆ.

ಇದೆಲ್ಲ ತಮಾಷೆ. ತಮಾಷೆಯಲ್ಲದ್ದು ಕಡ್ಡಿ ಆರಿಹೋದಾಗ. ಕೆಲವು ವರ್ಷಗಳ ಹಿಂದೆ ಬಂಧುವೊಬ್ಬರ ಜೊತೆ ಅಡಿಕೆ ಮಾರಲು ಮಲೆನಾಡಿನ ಪೇಟೆಯೊಂದಕ್ಕೆ ಹೋಗಿದ್ದೆ. ತಕ್ಕಡಿ 60 ಚಿಲ್ಲರೆ ಕಿಲೋ ತೋರಿಸುತ್ತಿತ್ತು. ಮನೆಯಲ್ಲಿ ತೂಗಿಕೊಂಡು ಬಂದಿದ್ದ ಬಂಧುಗಳು, ‘ಇದು ಅರವತ್ತೆಂಟು ಆಗಬೇಕಲ್ಲ’ ಎಂದರು. ಅಂಗಡಿಯ ಹುಡುಗನಿಗೆ ಸಿಟ್ಟು ಬಂತು. ಕೊನೆಗೆ ಯಜಮಾನರು ಬಂದು ತಕ್ಕಡಿ ಆರಿಸಿ ಮತ್ತೆ ಹಾಕಿದರು. ಶುರುವಿನಲ್ಲಿ ಎಲ್ಲ ಮನೆಯಲ್ಲೂ 8 ಮೂಡಬೇಕಿತ್ತು. ಎರಡನೆಯ ಮನೆಯಲ್ಲಿ 0 ಇತ್ತು. ನಡುಗಡ್ಡಿ ಸತ್ತಿತ್ತು. ಮೋಸ ಯಾರದೂ ಅಲ್ಲ, ಆದರೆ ಎಂಟು ಕಿಲೋ ಅಡಿಕೆಯ ದುಡ್ಡು ಹೋಗುವುದರಲ್ಲಿತ್ತು.

ಏಳು ಕಡ್ಡಿಯ ಅಂಕಿಯ ದೊಡ್ಡ ಊನ ಇದು. ಕೈಬರಹದಲ್ಲಿ ಒಂದು ಗೆರೆ ಮಾಸಿದರೆ ‘ಏನೋ ಆಗಿದೆ’ ಎಂದು ತಿಳಿಯುತ್ತದೆ. ಇಲ್ಲಿ ಒಂದು ಗೆರೆ ಹೋದರೆ ಇನ್ನೊಂದು ಶುದ್ಧ ಅಂಕಿಯೇ ಹುಟ್ಟಬಹುದು. 8 ಎಂಬುದು 0, 6 ಅಥವಾ 9 ಆಗಬಹುದು. 9 ಎಂಬುದು 5 ಅಥವಾ 3. 6 ಎಂಬುದು 5. 7 ಎಂಬುದು 1. ಕಾಗದದ ಮೇಲೆ ಬರೆದು ನೋಡಿ. ಈ ಏಳರಲ್ಲಿ ಆರು ಸಲ ಸಂಖ್ಯೆ ಇಳಿಯುತ್ತದೆ, ಎಂದರೆ ಮಾರಲು ಬಂದ ರೈತನಿಗೇ ನಷ್ಟ. ಕೊಳ್ಳಲು ಬಂದವನಿಗೆ ನಷ್ಟವಾಗುವುದು 8 ಹೋಗಿ 9 ಆದಾಗ ಮಾತ್ರ. 7447ರ ಕಾಲದಿಂದಲೂ ಡ್ರೈವರ್ ಚಿಪ್ಪುಗಳಲ್ಲಿ ಎಲ್ಲ ಕಡ್ಡಿಗಳನ್ನೂ ಒಮ್ಮೆಗೆ ಉರಿಸಿ ನೋಡಲೆಂದೇ ಒಂದು ಕಾಲನ್ನೋ ಒಂದು ಆಜ್ಞೆಯನ್ನೋ ಮೀಸಲಿಟ್ಟಿರುವುದು ಇದಕ್ಕಾಗಿ. ಕಾಲು ದುಬಾರಿಯಾಗಿದ್ದ ದಿನಗಳಲ್ಲೂ ಆ ಒಂದು ಕಾಲನ್ನು ಉಳಿಸಲು ಅವರು ಹೋಗಲಿಲ್ಲ. ತಕ್ಕಡಿ ಹಾಕಿದಾಗ ಕ್ಷಣಕಾಲ ಕಾಣುವ ಎಂಟುಗಳ ಸಾಲು ಅಲಂಕಾರವಲ್ಲ. ಅಲ್ಲಿ ಒಂದೇ ಮನೆಯ ಒಂದು ಕಡ್ಡಿ ಆರಿದ್ದರೆ ಆ ದೀಪ ಸತ್ತಿದೆ. ಎಲ್ಲ ಮನೆಗಳಲ್ಲೂ ಅದೇ ಕಡ್ಡಿ ಆರಿದ್ದರೆ ಕಡ್ಡಿಯ ತಂತಿ ಅಥವಾ ಚಿಪ್ಪು ಕೆಟ್ಟಿದೆ. ಒಂದು ಮನೆಯೇ ಕತ್ತಲಾಗಿದ್ದರೆ ದೋಷ ಬಾಗಿಲ ತಂತಿಯದು. ಮಲ್ಟಿಪ್ಲೆಕ್ಸಿಂಗ್ ಗೊತ್ತಿದ್ದವರು ಬಿಚ್ಚದೆಯೇ ರೋಗ ಹೇಳಬಲ್ಲರು.

ಆದರೆ ಎಂಟುಗಳ ಸಾಲು ಹಿಡಿದುಕೊಡುವುದು ಕೆಟ್ಟ ಕಡ್ಡಿಯನ್ನು ಮಾತ್ರ. ಬೇಕೆಂದೇ ಸುಳ್ಳು ಹೇಳುವ ಫಲಕವನ್ನಲ್ಲ. ಈ ಪ್ರಶ್ನೆ ಅಂಗಡಿಯ ಕಟ್ಟೆಯಿಂದ ಮತಗಟ್ಟೆಗೂ ಬಂತು. ನಮ್ಮ ಎಲೆಕ್ಟ್ರಾನಿಕ್ ಮತಯಂತ್ರಗಳನ್ನು ಮಾಡಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಆಫ್ ಇಂಡಿಯಾ. 1982ರಲ್ಲಿ ಕೇರಳದ ಪರವೂರಿನಲ್ಲಿ ಮೊದಲ ಪ್ರಯೋಗವಾಗಿ, 2004ರ ಲೋಕಸಭಾ ಚುನಾವಣೆಯಲ್ಲಿ ಅವು ದೇಶದ ಎಲ್ಲ ಕ್ಷೇತ್ರಗಳಿಗೂ ಬಂದವು. ಎಣಿಕೆಯ ದಿನ ಅಧಿಕಾರಿ ಗುಂಡಿ ಒತ್ತಿದಾಗ ಯಾರಿಗೆ ಎಷ್ಟು ಮತ ಎಂದು ಹೇಳುತ್ತಿದ್ದದ್ದು ಇವೇ ಏಳು ಕಡ್ಡಿಯ ಅಂಕಿಗಳು. 2010ರಲ್ಲಿ ಹೈದರಾಬಾದಿನ ಎಂಜಿನಿಯರ್ ಹರಿಪ್ರಸಾದ್, ಅಮೆರಿಕದ ಅಲೆಕ್ಸ್ ಹಾಲ್ಡರ್‌ಮನ್ ಮತ್ತು ಹಾಲೆಂಡಿನ ರೋಪ್ ಖೊಂಗ್ರೈಪ್ ಸಂಗಡಿಗರೊಡನೆ ಪ್ರಕಟಿಸಿದ ಪ್ರಬಂಧದಲ್ಲಿ, ಮತ ಎಣಿಸುವ ಚಿಪ್ಪನ್ನು ಮುಟ್ಟದೆ ಅಂಕಿ ತೋರಿಸುವ ಫಲಕವನ್ನಷ್ಟೇ ಬದಲಿಸಿ ತೋರಿಸಿದರು. ಹೊರಗೆ ನೋಡಲು ಅದೇ ಫಲಕ, ಅದೇ ಅಂಕಿ. ಅಂಕಿಗಳ ಅಡಿಯಲ್ಲಿ ಅಡಗಿಸಿಟ್ಟ ಇನ್ನೊಂದು ಚಿಪ್ಪು ಬೇರೆಯೇ ಮೊತ್ತ ಉರಿಸುತ್ತಿತ್ತು. ಮೊಹರು ಹಾಕಿ ಕಾವಲಿನಲ್ಲಿಟ್ಟ ಯಂತ್ರವನ್ನು ಹೀಗೆ ಬಿಚ್ಚಲು ಯಾರಿಗೂ ಆಸ್ಪದ ಸಿಗುವುದಿಲ್ಲ ಎಂಬುದು ಚುನಾವಣಾ ಆಯೋಗದ ನಿಲುವು. ಪ್ರಯೋಗಕ್ಕೆ ಬಳಸಿದ ಯಂತ್ರ ಎಲ್ಲಿಂದ ಸಿಕ್ಕಿತು ಎಂಬ ಪ್ರಕರಣದಲ್ಲಿ ಹರಿಪ್ರಸಾದ್ ಅದೇ ವರ್ಷದ ಆಗಸ್ಟಿನಲ್ಲಿ ಬಂಧನಕ್ಕೂ ಒಳಗಾದರು.

ವಾದ ಅಲ್ಲಿಗೆ ನಿಲ್ಲಲಿಲ್ಲ. ಮತದಾರರಿಗೆ ಕಾಗದದ ಚೀಟಿ ಕಾಣಿಸುವ ವ್ಯವಸ್ಥೆಯನ್ನು ಹಂತಹಂತವಾಗಿ ತರಬೇಕೆಂದು ಸುಪ್ರೀಂ ಕೋರ್ಟ್ 2013ರ ಅಕ್ಟೋಬರಿನಲ್ಲಿ ಹೇಳಿತು. 2019ರ ಲೋಕಸಭಾ ಚುನಾವಣೆಯ ಹೊತ್ತಿಗೆ ಅದು ಎಲ್ಲ ಮತಗಟ್ಟೆಗಳಿಗೂ ಬಂದಿತ್ತು. ಎಲ್ಲ ಚೀಟಿಗಳನ್ನೂ ಎಣಿಸಿ ತಾಳೆ ನೋಡಬೇಕೆಂಬ ಬೇಡಿಕೆಯನ್ನು ಮಾತ್ರ ಅದೇ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ಒಪ್ಪಲಿಲ್ಲ. ಗುಂಡಿ ಒತ್ತಿದ ಮೇಲೆ ಗಾಜಿನ ಹಿಂದೆ ಆ ಚೀಟಿ ಏಳು ಸೆಕೆಂಡು ನಿಲ್ಲುತ್ತದೆ, ಮಿನುಗದೆ. ಆಮೇಲೆ ಕತ್ತರಿಸಿಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ.